ಇಂಗುಗುಂಡಿ ನಿಲ್ಲಿಸಿದ ಫಾರ್ವರ್ಡ್

ನಾಗೇಶ ಮಾವ: (ಫಾರ್ವರ್ಡ್) ‘ಎಚ್ಚರ! ಭೂಮಿಯೊಳಗೆ ನೀರು ಇಳಿಸಿದರೆ ಬಂಡೆ ಜಾರಿ ಭೂಕಂಪ ಆಗುತ್ತದೆ. ಅಮೆರಿಕದಲ್ಲಿ ಸಾಬೀತಾಗಿದೆ. ಬೋರ್‌ವೆಲ್‌ಗೆ ಮಳೆನೀರು ಬಿಡಬೇಡಿ. ಎಲ್ಲರಿಗೂ ಕಳಿಸಿ.’

ದೊಡ್ಡಪ್ಪ: ಇದನ್ನು ನೋಡಿ ಇಂಗುಗುಂಡಿ ಕೆಲಸ ನಿಲ್ಲಿಸಿದೆ. ಆಳುಗಳನ್ನು ವಾಪಸ್ ಕಳಿಸಿದ್ದೇನೆ. ತೋಟಕ್ಕಿಂತ ಮನೆ ಮುಖ್ಯ.

ನಾನು: ದೊಡ್ಡಪ್ಪಾ, ನಿಲ್ಲಿಸಬೇಡಿ! ಮಳೆಗಾಲಕ್ಕೆ ಮೂರು ವಾರವೂ ಉಳಿದಿಲ್ಲ. ಹೋದ ವರ್ಷ ಬೋರ್ ಬತ್ತಿ ಅಡಿಕೆ ಸಿಂಗಾರ ಒಣಗಿದ್ದು ಮರೆತುಹೋಯ್ತಾ?

ನಾಗೇಶ ಮಾವ: ಹಾಗಾದರೆ ಇದು ಸುಳ್ಳು ಅಂತೀಯಾ?

ನಾನು: ಪೂರ್ತಿ ಸುಳ್ಳಲ್ಲ ಮಾವ. ಅರ್ಧ ನಿಜ ಹೇಳಿ ಹೆದರಿಸಿದ್ದಾರೆ, ಅದಕ್ಕೇ ಸಿಟ್ಟು ಬರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಹತ್ತಿರ ಸೇನೆಯ ರಾಸಾಯನಿಕ ಕಾರ್ಖಾನೆಯೊಂದಿತ್ತು. 3,671 ಮೀಟರ್ ಆಳಕ್ಕೆ ಬಾವಿ ಕೊರೆದು, 1962ರಿಂದ ಕೊಳಕು ನೀರನ್ನು ಪಂಪ್ ಹಾಕಿ ಒಳಗೆ ನೂಕಿದರು. ಭೂಕಂಪ ಶುರುವಾಯಿತು. ಬಂಡೆಯಲ್ಲಿ ಹಳೆಯ ಸೀಳುಗಳಿರುತ್ತವೆ. ಸೀಳಿನ ಎರಡು ಬದಿ ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡಿರುವುದರಿಂದಲೇ ಜಾರುವುದಿಲ್ಲ. ಒಳಗಿನ ನೀರಿನ ಒತ್ತಡ ಏರಿದರೆ ಆ ಹಿಡಿತ ಸಡಿಲ ಆಗುತ್ತದೆ. ಮೊದಲೇ ಜಾರಲು ಕಾದಿದ್ದ ಸೀಳು ಜಾರಿಬಿಡುತ್ತದೆ.

ನಾಗೇಶ ಮಾವ: ನೋಡಿದೆಯಾ, ನೀನೇ ಒಪ್ಪಿದೆ. ಪಂಪ್ ನಿಲ್ಲಿಸಿದರೆ ಭೂಕಂಪವೂ ನಿಂತಿತಾ?

ನಾನು: ಇಲ್ಲ. 1966ರಲ್ಲಿ ನಿಲ್ಲಿಸಿದರು, ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಒಳಗಿನ ಒತ್ತಡ ಸೀಳಿನಿಂದ ಸೀಳಿಗೆ ಹರಡುತ್ತಲೇ ಇತ್ತು. ಆಮೇಲೆ ಅದೇ ರಾಜ್ಯದ ರೇಂಜ್ಲಿಯ ಎಣ್ಣೆ ಬಾವಿಗಳಲ್ಲಿ ವಿಜ್ಞಾನಿಗಳು ಬೇಕಂತಲೇ ಒತ್ತಡ ಏರಿಸಿ ಇಳಿಸಿ ನೋಡಿದರು. ಏರಿಸಿದಾಗ ಕಂಪನ, ಇಳಿಸಿದಾಗ ನಿಂತಿತು. ಲೆಕ್ಕ ಇರುವುದು ಒತ್ತಡದಲ್ಲಿ ಮಾವ, ಸುಮ್ನೆ ನೀರು ಇಳಿಯುವುದರಲ್ಲಿ ಅಲ್ಲ.

ಸವಿತಕ್ಕ: ನಾನು ಕಾರವಾರದಲ್ಲಿ ಕೂತು ಓದುತ್ತಿದ್ದೇನೆ. ನಮಗೆ ಮೇಲೆ ಕದ್ರಾ ಅಣೆಕಟ್ಟು, ಅದಕ್ಕೂ ಮೇಲೆ ಸೂಪಾ ಅಣೆಕಟ್ಟು. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ 6.3ರ ಭೂಕಂಪ ಆಗಿ ನೂರಕ್ಕೂ ಜಾಸ್ತಿ ಜನ ಸತ್ತರಲ್ಲ, ಅದು ಅಣೆಕಟ್ಟಿನ ನೀರಿನಿಂದಲೇ ಅಲ್ವಾ? ಕೊಯ್ನಾ ಅಣೆಕಟ್ಟಿನ ಎತ್ತರ 103 ಮೀಟರ್, ಸೂಪಾದ್ದು 101.

ನಾನು: ಅಕ್ಕಾ, ಕೇಳಬೇಕಾದ ಪ್ರಶ್ನೆ ಇದೇ. ಕೊಯ್ನಾದಲ್ಲಿ ಜಲಾಶಯ ತುಂಬಿ ಇಳಿಯುವ ಕಾಲದಲ್ಲಿ ಸಣ್ಣ ಕಂಪನಗಳು ಈಗಲೂ ಆಗುತ್ತವೆ. ಅದನ್ನು ಹತ್ತಿರದಿಂದ ನೋಡಲು 3 ಕಿ.ಮೀ. ಆಳದ ಬಾವಿಯನ್ನೇ ಕೊರೆದಿದ್ದಾರೆ. ಆದರೆ ಎತ್ತರ ಒಂದೇ ಇದ್ದರೆ ಸಾಲದು, ಅಡಿಯ ಬಂಡೆ ಜಾರುವ ಸ್ಥಿತಿಯಲ್ಲಿರಬೇಕು. ಸೂಪಾ ಹಿನ್ನೀರು ನಿಂತು ದಶಕಗಳಾದವು, ಕೊಯ್ನಾದಂಥದ್ದು ಆಗಿಲ್ಲ. ಆದರೂ ಅಣೆಕಟ್ಟಿನ ಸುತ್ತ ಕಂಪನ ಅಳೆಯುತ್ತಲೇ ಇರಬೇಕು. ಅದಕ್ಕೆ ಅರ್ಜಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ.

ದೊಡ್ಡಪ್ಪ: ಸೀಳು ಅಂದೆಯಲ್ಲ. ನಮ್ಮ ಬೋರ್ ಕೊರೆದಾಗ 280 ಅಡಿಗೆ ಸೀಳು ಸಿಕ್ಕಿ ನೀರು ಚಿಮ್ಮಿತ್ತು. ಮೂವತ್ತು ಹೆಜ್ಜೆ ಆಚೆ ಪಕ್ಕದ ಮನೆಯವರದ್ದು 500 ಅಡಿಗೂ ಬರೀ ಧೂಳು.

ನಾನು: ಅದೇ ದೊಡ್ಡಪ್ಪಾ! ಮೇಲಿನ ಚಿರೆಕಲ್ಲು ದಾಟಿದ ಮೇಲೆ ಗಟ್ಟಿ ಬಂಡೆ. ನೀರಿಗೆ ಜಾಗ ಸೀಳಿನಲ್ಲಿ ಮಾತ್ರ. ಬೇಸಿಗೆಯಿಡೀ ನಾವು ಅದರಿಂದ ಎಳೆದು ಖಾಲಿ ಮಾಡಿದ್ದೇವೆ. ಇಂಗುಗುಂಡಿಯಿಂದ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಲ್ಲಿ ಒತ್ತಿ ನೂಕುವ ಪಂಪ್ ಎಲ್ಲಿದೆ? ತೆಗೆದದ್ದನ್ನು ವಾಪಸ್ ಕೊಡುವುದು ಅಷ್ಟೆ.

ನಾಗೇಶ ಮಾವ: ಸರಿ. ಬೇರೆ ಮೂರು ಗುಂಪಿಗೂ ಅದನ್ನು ಕಳಿಸಿದ್ದೆ. ಈಗ ನೀನು ಬರೆದದ್ದನ್ನೂ ಅಲ್ಲಿಗೆ ಕಳಿಸುತ್ತೇನೆ.

ದೊಡ್ಡಪ್ಪ: ಆಳುಗಳಿಗೆ ಫೋನ್ ಮಾಡಿದೆ. ನಾಳೆ ಬರುತ್ತಾರಂತೆ. ಗುಂಡಿಗೆ ಏನೇನು ತುಂಬಿಸಲಿ?

ನಾನು: ಅಡಿಗೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು. ಕೆಸರು ಇಳಿದರೆ ಸೀಳು ಕಟ್ಟಿಕೊಳ್ಳುತ್ತದೆ. ಕೊಟ್ಟಿಗೆ ನೀರು ಆ ಕಡೆ ಬರದ ಹಾಗೆ ಒಡ್ಡು ಹಾಕಿಸಿ, ಕುಡಿಯುವುದೂ ಅದೇ ಬೋರ್ ನೀರು.