ಅಪ್‌ಡೇಟ್: ಅಪ್ಪನಿಗೆ ಕಷಾಯ ಸಾಕಾ, ಮಾತ್ರೆ ಬೇಕಾ?

ಹಾಸನದಿಂದ ಬರೆಯುತ್ತಿದ್ದೇನೆ. ಅಪ್ಪನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.2, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 240 ಬಂದಿದೆ, ಮೆಂತ್ಯದ ನೀರು, ಅಮೃತಬಳ್ಳಿ ಕಷಾಯ ಸಾಕಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಇದು ಇನ್ಸುಲಿನ್ ರೆಸಿಸ್ಟೆನ್ಸ್ ಅಂತೆ. ಇನ್ಸುಲಿನ್ ಇದೆ, ಆದರೆ ಮೈ ಅದರ ಮಾತು ಕೇಳುತ್ತಿಲ್ಲ. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡುತ್ತದೆ, ಅದು ಹೃದಯಕ್ಕೂ ಒಳ್ಳೆಯದಲ್ಲ. ಡಾಕ್ಟರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದುಕೊಟ್ಟರು. ಆಯುರ್ವೇದ ವೈದ್ಯರನ್ನೂ ಕಂಡೆವು. ಅವರೂ ಮಾತ್ರೆ ಬಿಡಬೇಡಿ ಅಂದರು, ನನಗೆ ಅದು ತುಂಬಾ ಹಿಡಿಸಿತು. ಅಮೃತಬಳ್ಳಿಯಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳಿವೆ, ಹಾಗಾಗಿ ಅದನ್ನು ನಿಲ್ಲಿಸಿದೆವು.

ಮುದ್ದೆ ಬಿಟ್ಟಿಲ್ಲ. ಆದರೆ ಸಣ್ಣದು, ಒಂದೇ. ಬಸ್ಸಾರಿನ ಜೊತೆ ಸೊಪ್ಪು, ಕಾಳಿನ ಪಲ್ಯ ಜಾಸ್ತಿ. ಊಟವಾದ ಮೇಲೆ ಮಹಾರಾಜ ಪಾರ್ಕ್‌ನಲ್ಲಿ ನಡಿಗೆ.

ಹೊಸ ರಿಪೋರ್ಟ್: ಎಚ್‌ಬಿಎ1ಸಿ 5.9, ಟ್ರೈಗ್ಲಿಸರೈಡ್ 165. ಮೆಂತ್ಯದ ನೀರು ನಡೆದಿದೆ, ಡಾಕ್ಟರಿಗೆ ಹೇಳಿಯೇ.