ಚೆನ್ನಾಗಿ ಓದುವ ಮಗಳಿಗೆ ಮ್ಯಾಚ್, ಸೇಫ್ಟಿ ಅಂತ ಯಾವ ಕಾಲೇಜು ಹಾಕಿಸಲಿ?

ಜರ್ಸಿ ಅಮ್ಮ:

ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಸೆಪ್ಟೆಂಬರ್‌ನಿಂದ ಸೀನಿಯರ್, ಅಂದರೆ ಹೈಸ್ಕೂಲಿನ ಕೊನೆಯ ವರ್ಷ. ಅನ್‌ವೇಟೆಡ್ ಜಿಪಿಎ 4ಕ್ಕೆ 3.95, ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ 1600ಕ್ಕೆ 1540, ಮುಗಿಯುವ ಹೊತ್ತಿಗೆ ಕಾಲೇಜು ಮಟ್ಟದ ಎಪಿ ಕೋರ್ಸ್ ಹತ್ತು ಆಗಿರುತ್ತವೆ. ಮೂರು ವರ್ಷದಿಂದ ರೊಬಾಟಿಕ್ಸ್ ತಂಡದಲ್ಲಿದ್ದಾಳೆ, ಹೋದ ವರ್ಷ ರಂಗಪ್ರವೇಶವೂ ಆಯಿತು. ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಇಲ್ಲ.

ನಿನ್ನೆ ಅವಳ ಪಟ್ಟಿ ತೋರಿಸಿದಳು. ಎಂಐಟಿ, ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್, ಕಾರ್ನೆಗಿ ಮೆಲನ್, ಕಾರ್ನೆಲ್, ಬರ್ಕ್ಲಿ, ಯುಸಿಎಲ್‌ಎ, ಮಿಷಿಗನ್. ಇವು ರೀಚ್, ಅಂದರೆ ಸಿಗುವುದು ಕಷ್ಟ ಇರುವವು ಅಂತೆ. ಮ್ಯಾಚ್, ಅಂದರೆ ಸಿಗುವ ಸಾಧ್ಯತೆ ಚೆನ್ನಾಗಿರುವವು ಅಂತ ಜಾರ್ಜಿಯಾ ಟೆಕ್, ಯುಐಯುಸಿ (ಇಲಿನಾಯ್ ಯೂನಿವರ್ಸಿಟಿ), ಪರ್ಡ್ಯೂ. ಸೇಫ್ಟಿ, ಅಂದರೆ ಸಿಕ್ಕೇ ಸಿಗುತ್ತದೆ ಅನ್ನುವಂಥದ್ದು ಒಂದೇ ಒಂದು, ನಮ್ಮ ರಾಜ್ಯದ ರಟ್ಗರ್ಸ್, ಅದನ್ನೂ ಮುಖ ಸಿಂಡರಿಸಿಕೊಂಡೇ ಬರೆದಿದ್ದಾಳೆ. "ಅಲ್ಲಿಗೆ ನಮ್ಮ ಸ್ಕೂಲಿನವರೆಲ್ಲ ಹೋಗ್ತಾರೆ ಅಮ್ಮ" ಅಂತಾಳೆ. ಹಿತ್ತಲ ಗಿಡ ಮದ್ದಲ್ಲ, ಅಲ್ವಾ.

ನಮ್ಮಿಂದ ವರ್ಷಕ್ಕೆ 45,000 ಡಾಲರ್ ಕೊಡಲು ಆಗುತ್ತದೆ. ಚಿಕ್ಕವನು ಇನ್ನೂ ಎಂಟನೇ ಕ್ಲಾಸು, ಅವನಿಗೂ ಉಳಿಸಬೇಕು. ಈ ಪಟ್ಟಿ ಸರಿಯಿದೆಯಾ? ನನಗೇಕೋ ರಾತ್ರಿ ನಿದ್ದೆ ಬರುತ್ತಿಲ್ಲ.

ಎರಡು ಸಲ ದಾಟಿದವ:

ಮೇಡಂ, ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಟ್ಟಿಯಲ್ಲಿ ಮ್ಯಾಚ್ ಒಂದೂ ಇಲ್ಲ.

ಮಗಳ ಅಂಕ ಕಾಲೇಜಿನ ಸರಾಸರಿಗೆ ಹೊಂದಿದರೆ ಅದು ಮ್ಯಾಚ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ದೊಡ್ಡ ಮಗನ ಸಲ ಅದೇ ತಪ್ಪು ಮಾಡಿದ್ದೆ. ನೂರಕ್ಕೆ ನಾಲ್ಕೈದು ಜನರನ್ನು ತೆಗೆದುಕೊಳ್ಳುವ ಕಡೆ 1540 ಇದ್ದವರೇ ಸಾಲುಗಟ್ಟಿ ನಿಂತಿರುತ್ತಾರೆ. ಅಲ್ಲಿ ಯಾರಿಗೂ ಮ್ಯಾಚ್ ಅನ್ನುವುದೇ ಇಲ್ಲ, ಎಲ್ಲರಿಗೂ ರೀಚೇ. ಜಾರ್ಜಿಯಾ ಟೆಕ್ ಒಟ್ಟಾರೆ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಜನರನ್ನು ತೆಗೆದುಕೊಳ್ಳುತ್ತದೆ, ಹೊರರಾಜ್ಯದವರಿಗೆ ಇನ್ನೂ ಬಿಗಿ. ಯುಐಯುಸಿ ನೋಡಿ. ಒಟ್ಟು ಲೆಕ್ಕದಲ್ಲಿ ನೂರಕ್ಕೆ ನಲವತ್ತರ ಆಸುಪಾಸು ಕಾಣುತ್ತದೆ, ಆದರೆ ಕಂಪ್ಯೂಟರ್ ಸೈನ್ಸಿಗೆ ಮಾತ್ರ ನೋಡಿದರೆ ಒಂದಂಕಿ. ಪರ್ಡ್ಯೂನಲ್ಲೂ ಒಟ್ಟಾರೆ ಸುಮಾರು ಅರ್ಧದಷ್ಟು ಜನಕ್ಕೆ ಸೀಟು ಸಿಗುತ್ತದೆ, ಕಂಪ್ಯೂಟರ್ ಸೈನ್ಸಿಗೆ ಅಷ್ಟು ಸಲೀಸಲ್ಲ. ಬೇರೆ ಮೇಜರ್‌ನಲ್ಲಿ (ಮುಖ್ಯ ವಿಷಯ) ಒಳಗೆ ಹೋಗಿ ಆಮೇಲೆ ಬದಲಾಯಿಸಿಕೊಂಡರಾಯಿತು ಅನ್ನುವ ಉಪಾಯ ಈಗ ಬಹಳ ಕಡೆ ನಡೆಯುವುದಿಲ್ಲ. ಹಾಗಾಗಿ ಕಾಲೇಜಿನ ಶೇಕಡಾವಾರು ನೋಡಬೇಡಿ. ಮೇಜರ್‌ನದು, ಅದೂ ಹೊರರಾಜ್ಯದವರ ಲೆಕ್ಕ ಸಿಕ್ಕರೆ ಅದನ್ನು ನೋಡಿ.

ಎರಡು ಕೆಲಸ ಮಾಡಿ. ಒಂದು, ಆಯಾ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಹುಡುಕಿ, ಕಾಲೇಜೇ ಹಾಕಿದ ಅಂಕಿಅಂಶಗಳ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸಿ7 ಅನ್ನುವ ಕೋಷ್ಟಕ ಇದೆ. ಅಂಕ, ಪ್ರಬಂಧ, ಶಿಫಾರಸು ಪತ್ರ, ಕಾಲೇಜಿನ ಬಗ್ಗೆ ಮಗು ತೋರಿಸಿದ ಆಸಕ್ತಿ, ಯಾವುದಕ್ಕೆ ಎಷ್ಟು ತೂಕ ಅಂತ ಅವರೇ ಗುರುತು ಹಾಕಿರುತ್ತಾರೆ. ಸಿ9ರಲ್ಲಿ ಎಸ್‌ಎಟಿ ಲೆಕ್ಕ ಇರುತ್ತದೆ, ಆದರೆ ಎಷ್ಟು ಜನ ಅಂಕ ಕಳಿಸಿದ್ದಾರೆ ಅನ್ನುವುದನ್ನೂ ಪಕ್ಕದಲ್ಲೇ ಓದಿ. ಕಳಿಸುವುದು ಕಡ್ಡಾಯ ಇಲ್ಲದ ಕಡೆ ಚೆನ್ನಾಗಿ ಬಂದವರೇ ಕಳಿಸಿರುತ್ತಾರೆ, ಸಂಖ್ಯೆ ಉಬ್ಬಿರುತ್ತದೆ.

ಇನ್ನೊಂದು, ಕಾಲೇಜು ಅರ್ಜಿಗೆಂದು ಸ್ಕೂಲು ಬಳಸುವ ವೆಬ್‌ಸೈಟ್, ನಾವಿಯನ್ಸ್ ಅಥವಾ ಸ್ಕೋಯರ್, ತೆರೆದು ಮಗಳ ಪಕ್ಕದಲ್ಲಿ ಕೂತು ನೋಡಿ. ನಿಮ್ಮದೇ ಸ್ಕೂಲಿನಿಂದ ಹಿಂದಿನ ವರ್ಷಗಳಲ್ಲಿ ಯಾರಿಗೆ ಸಿಕ್ಕಿತು (ಹಸಿರು), ಯಾರಿಗೆ ಇಲ್ಲ (ಕೆಂಪು) ಅಂತ ಚುಕ್ಕೆಗಳಲ್ಲಿ ಬರುತ್ತದೆ. ನನ್ನ ಮಗ ಒಂದು ಕಾಲೇಜಿನ ಚಿತ್ರ ನೋಡಿ ಮಾತೇ ಆಡಲಿಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ, ಅವನಿಗಿಂತ ಜಾಸ್ತಿ ಅಂಕ ಇದ್ದ ಜಾಗದಲ್ಲೇ, ಹಸಿರಿಗಿಂತ ಕೆಂಪೇ ದಟ್ಟವಾಗಿತ್ತು. ನಾನು ಆರು ತಿಂಗಳು ಬಾಯಲ್ಲಿ ಹೇಳಿ ಆಗದ್ದು ಆ ಮೂಲೆ ಒಂದು ನಿಮಿಷದಲ್ಲಿ ಮಾಡಿತು.

ಡೈಸ್ ಹುಡುಗ:

ಇಷ್ಟೆಲ್ಲ ಯಾಕೆ? ಹಲವು ಕಾಲೇಜಿಗೆ ಒಂದೇ ಅರ್ಜಿ ತುಂಬುವ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜು ಹಾಕಬಹುದು. ಒಂದೊಂದರಲ್ಲಿ ನೂರಕ್ಕೆ 5 ಅವಕಾಶ ಅಂದರೂ 20 ಕಡೆ ಹಾಕಿದರೆ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 64. ಲೆಕ್ಕ ಮಾಡಿ ನೋಡಿ.

ಎರಡು ಸಲ ದಾಟಿದವ:

ಲೆಕ್ಕ ಸರಿ, ಆದರೆ ಅದು ದಾಳ ಹಾಕುವಾಗ ಮಾತ್ರ ಸರಿ. ಇಲ್ಲಿ 20 ಕಡೆಗೂ ಹೋಗುವುದು ಅದೇ ಮಗುವಿನ ಅದೇ ಫೈಲು. ಒಂದು ಕಡೆ ಯಾವ ಕಾರಣಕ್ಕೆ ಬೇಡ ಅಂದರೋ ಇನ್ನೊಂದು ಕಡೆಯೂ ಅದೇ ಕಾರಣಕ್ಕೆ ಅನ್ನಬಹುದು. ಅದೂ ಅಲ್ಲದೆ ಒಂದೊಂದಕ್ಕೂ ಎರಡು ಮೂರು ಬೇರೆ ಪ್ರಬಂಧ. ಡಿಸೆಂಬರ್ ಕೊನೆ ವಾರ ಹದಿನಾಲ್ಕನೇ "ನಮ್ಮ ಕಾಲೇಜೇ ಯಾಕೆ" ಬರೆಯುವ ಮಗುವಿನ ಮುಖ ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಪ್ರಬಂಧ ಓದುವವರಿಗೂ ಅದು ಗೊತ್ತಾಗುತ್ತದೆ.

ತುಂಗೆ ದಡದವಳು:

ಸೇಫ್ಟಿ ಬಗ್ಗೆ ನನ್ನ ಅನುಭವ ಹೇಳುತ್ತೇನೆ ಅಕ್ಕ. ನನ್ನ ಮಗನಿಗೆ ಒಂದು ಖಾಸಗಿ ಕಾಲೇಜನ್ನು ಸೇಫ್ಟಿ ಅಂತ ಹಾಕಿದ್ದೆವು. ಅವನ ಅಂಕ ಅಲ್ಲಿನ ಮೇಲಿನ ಕಾಲುಭಾಗಕ್ಕಿಂತಲೂ ಜಾಸ್ತಿ ಇತ್ತು. ಮಾರ್ಚ್‌ನಲ್ಲಿ ವೇಟ್‌ಲಿಸ್ಟ್, ಅಂದರೆ ಕಾಯುವ ಪಟ್ಟಿ, ಅಂತ ಪತ್ರ ಬಂತು! ಆಮೇಲೆ ಯೋಚಿಸಿದರೆ ನಮ್ಮದೇ ತಪ್ಪು ಕಾಣುತ್ತದೆ. ಅವರು ಕಳಿಸಿದ ಒಂದು ಮೇಲ್ ಕೂಡ ಅವನು ತೆರೆದಿರಲಿಲ್ಲ, ಆನ್‌ಲೈನ್ ಪರಿಚಯ ಸಭೆಗೂ ಕೂತಿರಲಿಲ್ಲ, ಐಚ್ಛಿಕ ಪ್ರಬಂಧ ಬಿಟ್ಟಿದ್ದ. ಇವನು ಇಲ್ಲಿಗೆ ಬರುವವನಲ್ಲ ಅಂತ ಅವರಿಗೆ ಅನಿಸಿರಬೇಕು. ಸಿ7ರಲ್ಲಿ ಆಸಕ್ತಿಗೆ ತೂಕ ಕೊಡುವ ಕಾಲೇಜನ್ನು ಸುಮ್ನೆ ಸೇಫ್ಟಿ ಅಂತ ಹಾಕಬೇಡಿ, ಹಾಕಿದರೆ ಮನಸ್ಸಿಟ್ಟು ಅರ್ಜಿ ಬರೆಸಿ.

ಮಗಳು ಹೋಗಲಾರೆ ಅನ್ನುವ ಸೇಫ್ಟಿ ಊಟಕ್ಕಿಲ್ಲದ ಉಪ್ಪಿನಕಾಯಿ. ರಟ್ಗರ್ಸ್ ಬೇಡ ಅಂತ ಅವಳು ಹೇಳುವುದು ಕಾಲೇಜು ನೋಡಿಯಾ, ಗೆಳತಿಯರ ಮಾತು ಕೇಳಿಯಾ? ಒಂದು ವಾರದ ದಿನ ಕರೆದುಕೊಂಡು ಹೋಗಿ, ಟೂರ್ ಬಿಟ್ಟು, ಕಂಪ್ಯೂಟರ್ ಸೈನ್ಸ್ ಮಕ್ಕಳು ಕೂರುವ ಜಾಗದಲ್ಲಿ ಒಂದು ಗಂಟೆ ಕೂರಿಸಿ. ನನ್ನ ಚಿಕ್ಕವಳು ನಮ್ಮ ರಾಜ್ಯದ ಕಾಲೇಜಿಗೆ ಹಾಗೇ ಹೋಗಿದ್ದಳು. ಬೋರ್ಡಿನ ಮುಂದೆ ನಿಂತು ಇಬ್ಬರು ಹುಡುಗಿಯರು ಒಂದು ಪ್ರೂಫ್ ವಿಷಯಕ್ಕೆ ಜಗಳ ಆಡುತ್ತಿದ್ದರು, ಇವಳೂ ಹೋಗಿ ಸೇರಿಕೊಂಡಳು. ವಾಪಸು ಕಾರಿನಲ್ಲಿ ಕೂತಾಗ ಚೆನ್ನಾಗಿ ಓದುವವರಿಗೆಂದೇ ಇರುವ ಆನರ್ಸ್ ಪ್ರೋಗ್ರಾಂ ಬಗ್ಗೆ ಅವಳೇ ಕೇಳಿದಳು.

ಲೆಕ್ಕದ ಮೇಷ್ಟ್ರು:

ದುಡ್ಡಿನ ವಿಷಯ ಯಾರೂ ಎತ್ತಿಲ್ಲ, ನಾನೇ ಹೇಳುತ್ತೇನೆ. ಸೀಟು ಖಂಡಿತ ಸಿಗುತ್ತದೆ, ಆದರೆ ಫೀಸು ಕಟ್ಟಲಾಗುವುದಿಲ್ಲ ಅಂದರೆ ಅದು ಸೇಫ್ಟಿ ಅಲ್ಲ.

ನಿಮ್ಮ 45,000 ಹಿಡಿದು ನೋಡೋಣ. ಬರ್ಕ್ಲಿ, ಯುಸಿಎಲ್‌ಎ ಎರಡೂ ಹೊರರಾಜ್ಯದವರಿಗೆ ಊಟ ವಸತಿ ಸೇರಿ ವರ್ಷಕ್ಕೆ 75,000 ದಾಟುತ್ತವೆ, ಸಹಾಯಧನ ಹೆಚ್ಚುಕಡಿಮೆ ಇಲ್ಲ. ಸಾಲದ್ದಕ್ಕೆ ಯುಸಿಯವರು (ಇವೆರಡೂ ಸೇರಿರುವ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ, ಮಗಳ 1540 ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನಾಗಿದ್ದರೆ ಎರಡನ್ನೂ ತೆಗೆಯುತ್ತಿದ್ದೆ. ಮಿಷಿಗನ್ ಕೂಡ ಹೊರರಾಜ್ಯದವರಿಗೆ ದುಬಾರಿ. ಪರ್ಡ್ಯೂ ಮಾತ್ರ 2013ರಿಂದ ಟ್ಯೂಷನ್ ಏರಿಸದೆ ಹಿಡಿದಿಟ್ಟಿದೆ, ಹೊರರಾಜ್ಯದವರಿಗೆ ಟ್ಯೂಷನ್ 30,000ದ ಒಳಗೇ ಇದೆ. ನಿಮ್ಮ ಬಜೆಟ್‌ಗೆ ಕೂರಬಹುದು. ಪ್ರಿನ್ಸ್‌ಟನ್‌, ಎಂಐಟಿ ಪಟ್ಟಿಬೆಲೆ ನೋಡಿ ಹೆದರಬೇಡಿ, ಅಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ, ಆದರೆ ಆದಾಯ ನೋಡಿ ಕೈಬಿಚ್ಚಿ ಕೊಡುತ್ತಾರೆ. ಎಲ್ಲ ಕಾಲೇಜಿನ ವೆಬ್‌ಸೈಟಿನಲ್ಲೂ ಸಹಾಯಧನ ಕಳೆದು ನಿಮಗೆ ಎಷ್ಟು ಬೀಳಬಹುದು ಅಂತ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ, 2011ರಿಂದ ಕಾನೂನೇ ಹಾಗಿದೆ. ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿಟ್ಟುಕೊಂಡು ಒಂದು ಶನಿವಾರ ಕೂತು ಎಲ್ಲವನ್ನೂ ತುಂಬಿ. ಅದು ಮಾಡದೆ ಅರ್ಲಿ ಡಿಸಿಷನ್‌ಗೆ ಸಹಿ ಹಾಕಬೇಡಿ. ಅದು ಕಟ್ಟುಪಾಡು, ಸಿಕ್ಕರೆ ಹೋಗಲೇಬೇಕು, ಬೇರೆ ಕಡೆಯ ಆಫರ್ ತೂಗಿ ನೋಡುವ ಅವಕಾಶ ಇರುವುದಿಲ್ಲ.

ಪಟ್ಟಿಗೆ ಸೇರಿಸಲು ಕೆಲವು: ಪಿಟ್ಸ್‌ಬರ್ಗ್ ಯೂನಿವರ್ಸಿಟಿ, ಸ್ಟೋನಿ ಬ್ರೂಕ್, ಆರ್‌ಪಿಐ, ಹೊಬೋಕನ್‌ನ ಸ್ಟೀವನ್ಸ್. ನಿಮ್ಮ ರಾಜ್ಯದಲ್ಲೇ ಎನ್‌ಜೆಐಟಿಯ (ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಆಲ್ಬರ್ಟ್ ಡಾರ್ಮನ್ ಆನರ್ಸ್ ಕಾಲೇಜು ಇದೆ, ಅದನ್ನು ನಮ್ಮವರು ಯಾಕೆ ಮರೆಯುತ್ತಾರೋ ಗೊತ್ತಿಲ್ಲ. ದೂರ ಆದರೂ ಪರವಾಗಿಲ್ಲ ಅಂದರೆ ಅಲಬಾಮಾ ಯೂನಿವರ್ಸಿಟಿ ನೋಡಿ, ಜಿಪಿಎ ಮತ್ತು ಎಸ್‌ಎಟಿ ಇಷ್ಟಿದ್ದರೆ ಸ್ಕಾಲರ್‌ಶಿಪ್ ಇಷ್ಟು ಅಂತ ಮೊದಲೇ ಕೋಷ್ಟಕ ಹಾಕಿರುತ್ತಾರೆ.

ಮೊದಲು ಪಿಟ್‌ಗೆ ಹಾಕಿಸಿ. ಅಲ್ಲಿ ರೋಲಿಂಗ್ ಅಡ್ಮಿಷನ್, ಅಂದರೆ ಅರ್ಜಿ ಬಂದ ಹಾಗೇ ನೋಡುತ್ತಾರೆ, ಬೇಗ ಹಾಕಿದವರಿಗೆ ಚಳಿಗಾಲಕ್ಕೆ ಮುಂಚೆಯೇ ಉತ್ತರ ಬರಬಹುದು. ಕೈಯಲ್ಲಿ ಒಂದು ಸೀಟಿದ್ದರೆ ಮನೆಯ ಹವಾನೇ ಬೇರೆ.

ಹೊಸಬ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಮಗ ಅವಲಂಬಿತರ ವೀಸಾ ಎಚ್-4. ನಮಗೂ ಇದೇ ಲೆಕ್ಕವಾ?

ಲೆಕ್ಕದ ಮೇಷ್ಟ್ರು:

ಅರ್ಧ ಇದೇ, ಅರ್ಧ ಬೇರೆ. ಎಚ್-4 ಮಕ್ಕಳಿಗೆ ಫೆಡರಲ್ ಸಹಾಯಧನ ಇಲ್ಲ. ಇನ್-ಸ್ಟೇಟ್ ಫೀಸಿಗೆ, ಅಂದರೆ ಆ ರಾಜ್ಯದವರಿಗಿರುವ ಕಡಿಮೆ ಫೀಸಿಗೆ, ರಾಜ್ಯಕ್ಕೊಂದು ನಿಯಮ, ಆಯಾ ಕಾಲೇಜಿನ ರೆಸಿಡೆನ್ಸಿ ಆಫೀಸಿಗೇ ಬರೆದು ಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ, ಫೋನಿನ ಮಾತು ನಂಬಬೇಡಿ. ಕೆಲವು ಕಾಲೇಜು ಸಹಾಯಧನಕ್ಕೆ ಅವನನ್ನು ವಿದೇಶಿ ವಿದ್ಯಾರ್ಥಿ ಅಂತಲೇ ಲೆಕ್ಕ ಹಾಕುತ್ತವೆ. 21 ತುಂಬಿದರೆ ಎಚ್-4 ಮುಗಿಯಿತು, ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ವಿದ್ಯಾರ್ಥಿ ವೀಸಾ ಎಫ್-1 ಮಾಡಿಸಬೇಕು. ಆಗ ಫೀಸು ಬದಲಾಗುತ್ತದಾ ಅಂತ ಈಗಲೇ ಕೇಳಿ. ಇದಕ್ಕೇ ಬೇರೆ ಪ್ರಶ್ನೆ ಹಾಕಿ, ಗೊತ್ತಿರುವವರು ಬಹಳ ಜನ ಇದ್ದಾರೆ.

ಜರ್ಸಿ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಆ ಚುಕ್ಕೆಗಳ ಚಿತ್ರ ನೋಡಿದೆವು. ಜಾರ್ಜಿಯಾ ಟೆಕ್‌ಗೆ ನಮ್ಮ ಸ್ಕೂಲಿನಿಂದ ಅವಳ ಅಂಕದ ಸುತ್ತ ಒಂದೇ ಹಸಿರು ಚುಕ್ಕೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು, ಅರ್ಧ ಗಂಟೆ ಬಿಟ್ಟು ಅವಳೇ ಬಂದು ಕೂತಳು.

ಬರ್ಕ್ಲಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಮಿಷಿಗನ್ ತೆಗೆದಳು. ಪಿಟ್, ಸ್ಟೋನಿ ಬ್ರೂಕ್, ಎನ್‌ಜೆಐಟಿ ಆನರ್ಸ್ ಸೇರಿವೆ. ಎಂಐಟಿ ಬಿಡಲಾರೆ ಅಂದಳು, ನಾನೂ ಬಿಡು ಅನ್ನಲಿಲ್ಲ. ರಟ್ಗರ್ಸ್‌ಗೆ ಮಂಗಳವಾರ ಹೋಗಿಬಂದೆವು. ಜಗಳ ಆಡುವ ಹುಡುಗಿಯರು ಯಾರೂ ಸಿಗಲಿಲ್ಲ, ರಜೆಯ ಕಾಲ, ಅಲ್ಲಿ ಅಷ್ಟಾಗಿ ಜನರೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಹೋಗೋಣ ಅಂದಿದ್ದಾಳೆ. ಪಿಟ್ ಅರ್ಜಿಯಲ್ಲಿ ಈಗ ಚಟುವಟಿಕೆಗಳ ಭಾಗ ತುಂಬುತ್ತಿದ್ದಾಳೆ, ರಂಗಪ್ರವೇಶವನ್ನು ನೂರೈವತ್ತು ಅಕ್ಷರದಲ್ಲಿ ವಿವರಿಸುವುದು ಹೇಗೆ ಅಂತ ಕೇಳುತ್ತಿದ್ದಾಳೆ. ಯಾರಾದರೂ ಬರೆದಿದ್ದರೆ ಹೇಳಿ.