ಸುಮ್ನೆ ನೋಡಿದರೂ "ಯಾಕೆ ಗುರಾಯಿಸ್ತೀಯ" ಅಂತಾನೆ

ಪ್ರಶ್ನೆ (ದಾವಣಗೆರೆಯ ಒಬ್ಬ ಅಕ್ಕ): ನಮಸ್ತೆ ಮೇಡಂ. ತಮ್ಮನಿಗೆ 26 ವರ್ಷ. ಎರಡು ವರ್ಷದಿಂದ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾನೆ. ಕಿವಿಯಲ್ಲಿ ಕೇಳಿಸುತ್ತಿದ್ದ ಮಾತುಗಳು ನಿಂತಿವೆ. ಆದರೆ ಅಮ್ಮ ರೊಟ್ಟಿ ಬಡಿಯುತ್ತಾ ಸುಮ್ನೆ ಅವನ ಕಡೆ ನೋಡಿದರೂ "ಯಾಕೆ ಗುರಾಯಿಸ್ತೀಯ?" ಅಂತ ತಟ್ಟೆ ಬಿಟ್ಟು ಏಳುತ್ತಾನೆ. ಮೊನ್ನೆ ಮಂಡಕ್ಕಿ ಅಂಗಡಿಯಲ್ಲೂ ಇದೇ ಜಗಳ. ಮಿರ್ಚಿ ಕರಿಯುತ್ತಿದ್ದವನು ಹೊಗೆಗೆ ಹುಬ್ಬು ಗಂಟಿಕ್ಕಿದ್ದ, ಅಷ್ಟೇ. ಇತ್ತ ಅಜ್ಜಿ ತೀರಿಕೊಂಡಾಗ ಇವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಮ್ಮ ಮೇಲೆ ಪ್ರೀತಿಯೇ ಹೋಯಿತಾ? ಮಾತ್ರೆ ಜಾಸ್ತಿ ಮಾಡಿಸಬೇಕಾ?

ಉತ್ತರ (ಮನೋವೈದ್ಯೆ): ಬೇಕಂತ ಮಾಡುತ್ತಿಲ್ಲಮ್ಮ. ಈ ಕಾಯಿಲೆಯಲ್ಲಿ ಮುಖ ಓದುವುದೇ ಕಷ್ಟವಾಗುತ್ತದೆ. ನಗು ಬೇಗ ಗೊತ್ತಾಗುತ್ತದೆ. ಭಯ, ದುಃಖ, ಸಿಟ್ಟು ಅದಲುಬದಲಾಗುತ್ತವೆ. ಎಲ್ಲಕ್ಕಿಂತ ತೊಂದರೆ ಕೊಡುವುದು ಏನೂ ಹೇಳದ ಮುಖ, ನಿಮ್ಮಮ್ಮ ರೊಟ್ಟಿ ಬಡಿಯುವಾಗಿನ ಮುಖದಂಥದ್ದು. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಭಾಗವಿದೆ. ಅಪಾಯ ಕಂಡರೆ ಎಚ್ಚರಿಸುವ ಕೆಲಸ ಅದರದ್ದು. ಕೆಲವರಲ್ಲಿ ಅದು ಇಂಥ ಮುಖಕ್ಕೂ ಗಂಟೆ ಬಾರಿಸಿಬಿಡುತ್ತದೆ. ಇನ್ನೊಂದು, ನಾವೆಲ್ಲ ಎದುರಿನವರ ಕಣ್ಣು, ಬಾಯಿ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಈ ಕಾಯಿಲೆ ಇರುವವರ ನೋಟ ಅಲ್ಲಿ ಕಡಿಮೆ ನಿಲ್ಲುತ್ತದೆ.

ಮಾತ್ರೆ ಧ್ವನಿಗಳನ್ನು, ಅನುಮಾನವನ್ನು ತಗ್ಗಿಸುತ್ತದೆ. ಮುಖ ಓದುವುದನ್ನು ಅಷ್ಟಾಗಿ ಸರಿಮಾಡುವುದಿಲ್ಲ. ಹಾಗಾಗಿ ನೀವೇ ಡೋಸ್ ಏರಿಸಬೇಡಿ. ಆದರೆ ಜಗಳ ಅಂಗಡಿವರೆಗೂ ಹೋಗಿದೆ ಅಂದರೆ ಮುಂದಿನ ತಾರೀಖಿಗೆ ಕಾಯಬೇಡಿ, ಈಗಲೇ ಡಾಕ್ಟರಿಗೆ ಹೇಳಿ. ಹೋಗುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಜ್ಜಿಯ ವಿಷಯ: ಮುಖ ಅಲುಗಲಿಲ್ಲ ಅಂದರೆ ಒಳಗೆ ಏನೂ ಆಗಲಿಲ್ಲ ಅಂತಲ್ಲ. ಸಿನಿಮಾ ತುಣುಕು ತೋರಿಸಿ ಪರೀಕ್ಷಿಸಿದಾಗ, ಮುಖದಲ್ಲಿ ಏನೂ ಕಾಣದ ರೋಗಿಗಳೂ ಬೇರೆಯವರಷ್ಟೇ ನೋವಾಯಿತು ಅಂದಿದ್ದಾರೆ. ಕೆಲವೊಮ್ಮೆ ಮಾತ್ರೆಯಿಂದಲೂ ಮುಖ ಬಿಗಿಯುತ್ತದೆ. ಕೈ ನಡುಕ, ನಿಧಾನ ನಡಿಗೆ ಇದೆಯಾ ನೋಡಿ.

ಮನೆಯಲ್ಲಿ ಮುಖದ ಕೆಲಸವನ್ನು ಬಾಯಿಗೆ ಕೊಡಿ. "ಸಿಟ್ಟಿಲ್ಲಪ್ಪ, ಇನ್ನೊಂದು ರೊಟ್ಟಿ ಬೇಕೇನೋ ಅಂತ ನೋಡಿದೆ" ಅನ್ನಲಿ ಅಮ್ಮ. "ಎಲ್ಲ ನಿನ್ನ ಭ್ರಮೆ" ಅನ್ನಬೇಡಿ, ಅದು ಉರಿಯುವ ಒಲೆಗೆ ಇನ್ನೊಂದು ಸೌದೆ.

ಇನ್ನೊಬ್ಬರು (ಚಿತ್ರದುರ್ಗ): ನಮ್ಮ ಯಜಮಾನರು ಒಮ್ಮೆ ನನಗೇ "ನೀನು ಅವಳಲ್ಲ, ಅವಳ ಥರ ವೇಷ ಹಾಕಿ ಬಂದಿದ್ದೀಯ" ಅಂದಿದ್ದರು. ಇದೂ ಅದೇನಾ?

ಉತ್ತರ: ಇದು ಬೇರೆ. ಫ್ರಾನ್ಸಿನ ಮನೋವೈದ್ಯ ಕ್ಯಾಪ್‌ಗ್ರಾ 1923ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರೇ ಉಳಿಯಿತು. ಮುಖದ ಗುರುತು ಸಿಗುತ್ತದೆ, ನಮ್ಮವರು ಅನ್ನಿಸುವುದಿಲ್ಲ. ಮತ್ತೆ ಹಾಗಂದರೆ ವಾದಕ್ಕಿಳಿಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.

ಅಕ್ಕ: ಮೇಡಂ, ನಿನ್ನೆ ಅಮ್ಮ ನೀವು ಹೇಳಿದ ಹಾಗೇ ಅಂದರು. ಅವನು ಮಾತಾಡಲಿಲ್ಲ. ತಟ್ಟೆ ಮುಂದೆ ಚಾಚಿದ.